ನೇರ ಪ್ರಸಾರವೂ ನಮ್ಮ ಓಣಿಯ ಅಂಗಡಿಯೂ

ಪುಣೆಯ ಲಕ್ಷ್ಮೀ ರಸ್ತೆಯಿಂದ ಒಳಕ್ಕೆ ಹೊರಳುವ ಓಣಿಗಳಲ್ಲೊಂದರಲ್ಲಿ ನನಗೆ ಬಹುಕಾಲದಿಂದ ಪರಿಚಯವಿರುವ ಒಂದು ಸೀರೆ ಅಂಗಡಿಯಿದೆ. ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಬಾಣಂತಿಯರಿಗೆ ಬೇಕಾಗುವ ಮೆತ್ತನೆಯ ನೂಲಿನ ಬಟ್ಟೆ, ಇಷ್ಟೇ ಅಲ್ಲಿನ ಸರಕು. ಮಾಲಕರು ಬಾಗಲಕೋಟೆ ಜಿಲ್ಲೆಯ ಕಡೆಯವರು. ಎಪ್ಪತ್ತು ದಾಟಿದ ಅವರನ್ನು ಕನ್ನಡಿಗರು, ಮರಾಠಿಗರು ಎಲ್ಲರೂ ಕರೆಯುವುದು ಕಾಕಾ ಎಂದೇ. ಕೇಂದ್ರ ಸರ್ಕಾರದ ಸೇವೆಯಲ್ಲಿ ವರ್ಗಾವಣೆಗೊಂಡು 2006ರಲ್ಲಿ ನಾನು ಮೊದಲ ಬಾರಿಗೆ ಈ ನಗರಕ್ಕೆ ಬಂದಾಗ, ಯಾವ ಪೇಟೆಯಲ್ಲಿ ಬಾಡಿಗೆ ಕೈಗೆ ಎಟುಕೀತು, ಬಿಳಿಜೋಳವನ್ನು ಯಾವ ಗಿರಣಿಯಲ್ಲಿ ನುಣ್ಣಗೆ ಬೀಸಿಕೊಡುತ್ತಾರೆ, ಊರಿನ ಬಸ್ಸು ಎಲ್ಲಿಂದ ಹೊರಡುತ್ತದೆ ಎಂಬುದೆಲ್ಲ ನನಗೆ ತಿಳಿದದ್ದು ಆ ಅಂಗಡಿಯ ಗಾದಿಯ ಮೇಲೆ ಕುಳಿತು. ನಮ್ಮ ಸಂಘದ ಸದಸ್ಯನಾಗುವ ಮೊದಲೇ ನನಗೆ ದೊರೆತ ಸಂಘ ಅದು.

ಅಂಥ ಅಂಗಡಿಗೆ ನಾನು ಸುಮಾರು ಮೂರು ವರ್ಷ ಕಾಲಿಟ್ಟಿರಲಿಲ್ಲ. ಈ ಲೇಖನ ಹುಟ್ಟಿದ್ದು ಆ ತಪ್ಪಿನ ಅರಿವಿನಿಂದ. ಮುಂದೆ ಹೇಳುವುದೆಲ್ಲ ನನ್ನ ಸ್ವಂತ ಅಭಿಪ್ರಾಯವೇ ಹೊರತು ನಾನು ದುಡಿಯುವ ಇಲಾಖೆಗೆ ಇದರೊಡನೆ ಯಾವ ಸಂಬಂಧವೂ ಇಲ್ಲ.

ಕಾರಣ ಸರಳ. ನಮ್ಮ ಮನೆಯಲ್ಲಿ ಸಂಜೆಯಾದರೆ ‘ಲೈವ್’ ಶುರುವಾಗುತ್ತಿತ್ತು. ದೂರದ ಯಾವುದೋ ಊರಿನ ಅಂಗಡಿಯಲ್ಲಿ ಕಣ್ಣು ಕೋರೈಸುವ ದೀಪದ ಮುಂದೆ ಒಬ್ಬ ತರುಣ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು ಅದರ ನಂಬರು, ಬೆಲೆ ಕೂಗುತ್ತಾನೆ. ನೋಡುವವರು ಪರದೆಯ ಚಿತ್ರ ತೆಗೆದು ವಾಟ್ಸಾಪಿಗೆ ಕಳಿಸುತ್ತಾರೆ. ಯುಪಿಐ ಮೂಲಕ ಹಣ ಸಲ್ಲುತ್ತದೆ. ನಾಲ್ಕನೆಯ ದಿನ ಪಾರ್ಸೆಲ್ ಬಾಗಿಲಿಗೆ ಬರುತ್ತದೆ. ಯುಪಿಐ ಬಂದದ್ದೂ 2016ರಲ್ಲಿ, ಜಿಯೋ ಕಾಲಿಟ್ಟು ಇಂಟರ್ನೆಟ್ಟಿನ ದರ ಕುಸಿದದ್ದೂ 2016ರಲ್ಲಿ. 2020ರ ಲಾಕ್‌ಡೌನ್ ಈ ಎರಡನ್ನೂ ಸೇರಿಸಿ ಗಂಟು ಹಾಕಿತು. ಬಾಗಿಲು ಮುಚ್ಚಿದ ವ್ಯಾಪಾರಿಗೆ ಫೋನೇ ಬಾಗಿಲಾಯಿತು. ಇದರಲ್ಲಿ ತಪ್ಪು ಹುಡುಕುವ ಅಧಿಕಾರ ನನಗಿಲ್ಲ. ಆ ದಿನಗಳಲ್ಲಿ ಎಷ್ಟೋ ಕುಟುಂಬಗಳ ಅನ್ನ ಅದರಿಂದಲೇ ನಡೆಯಿತು.

ನಮ್ಮ ತಂಗಿಯ ಮಗಳ ಮದುವೆಗೆಂದು ಆ ಪರದೆಯಿಂದಲೇ ಆರು ‘ಇಳಕಲ್’ ಸೀರೆ ತರಿಸಿದೆವು. ಬೆಲೆ ಕಾಕಾ ಹೇಳುವುದಕ್ಕಿಂತ ಅರ್ಧ. ಬಿಚ್ಚಿ ನೋಡಿದರೆ ಸೆರಗಿನಲ್ಲಿ ರೇಷ್ಮೆಯ ಎಳೆಯೇ ಇರಲಿಲ್ಲ. ದೂರು ಹೇಳಿದ್ದಕ್ಕೆ, ಪಾರ್ಸೆಲ್ ಬಿಚ್ಚುವಾಗಿನ ವಿಡಿಯೋ ಇಲ್ಲದಿದ್ದರೆ ಏನೂ ಮಾಡಲಾಗದು ಎಂಬ ಉತ್ತರ ಬಂತು. ಮರುದಿನದಿಂದ ನಮ್ಮ ನಂಬರಿನ ಕರೆಗಳಿಗೆ ಉತ್ತರವೂ ಇಲ್ಲ.

ಮದುವೆಗೆ ವಾರವಿರುವಾಗ ತಲೆತಗ್ಗಿಸಿಕೊಂಡು ಕಾಕಾನ ಅಂಗಡಿಗೆ ಹೋದೆ. “ಬರ್ರಿ ಸಾಹೇಬ್ರ, ಬರೂದು ತಡಾ ಆತು ಅಷ್ಟ, ದಾರಿ ಮರ್ತಿಲ್ಲಲ್ಲ” ಎಂದರು. ನಾನು ತಂದಿದ್ದ ಸೀರೆಯನ್ನು ಅವರು ಬೈಯಲಿಲ್ಲ. ಅದರ ಪಕ್ಕದಲ್ಲಿ ತಮ್ಮದೊಂದನ್ನು ಹರಡಿ ಎರಡನ್ನೂ ಮಗುಚಿ ಹಾಕಿದರು. ಇಳಕಲ್ ಸೀರೆಯ ಒಡಲು, ಸೆರಗು ಎರಡಕ್ಕೂ ಬೇರೆ ಬೇರೆ ಹಾಸು. ಒಡಲಿನ ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಕುಣಿಕೆ ಕುಣಿಕೆಯಾಗಿ ಕೂಡಿಸುತ್ತಾರೆ. ನೇಕಾರರ ಮಾತಿನಲ್ಲಿ ಅದು ಟೋಪ್ ತೆನಿ. ಆ ಕೂಡುವಿಕೆಯ ಗೆರೆ ಹಿಂಬದಿಯಲ್ಲಿ ಬೆರಳಿಗೆ ಹತ್ತುತ್ತದೆ. ಕಾಕಾ ನನ್ನ ಬೆರಳು ಹಿಡಿದು ಅದರ ಮೇಲೆ ಆಡಿಸಿದರು. ನಾನು ತಂದ ಸೀರೆಯಲ್ಲಿ ಅಂಥ ಗೆರೆಯೇ ಇಲ್ಲ, ಯಂತ್ರಮಗ್ಗದಲ್ಲಿ ಒಂದೇ ಓಟಕ್ಕೆ ನೇಯ್ದದ್ದು. ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ. ಮುಗಿಸಿ ಮೂವತ್ತು ವರ್ಷ ಕಡತ ನೋಡಿದ ನಾನು, ನಮ್ಮ ತಾಯಿ ಬದುಕಿನುದ್ದಕ್ಕೂ ಉಟ್ಟ ಸೀರೆಯನ್ನು ಗುರುತಿಸಲು ಕಲಿತದ್ದು ಆ ದಿನ.

ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆ ಮೀಸಲಿಟ್ಟ ಕಾಯಿದೆ 1985ರಿಂದ ಇದೆ. ಕೈಮಗ್ಗದ ಬಟ್ಟೆಗೆ ಹ್ಯಾಂಡ್‌ಲೂಮ್ ಮಾರ್ಕ್ 2006ರಲ್ಲಿ ಬಂತು. ಗ್ರಾಹಕ ಸಂರಕ್ಷಣೆಯ 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ, ಹೇಳಿದ ಗುಣವಿಲ್ಲದ ಸರಕನ್ನು ಹಿಂದಕ್ಕೆ ಪಡೆಯಲು ಮಾರಿದವನು ನಿರಾಕರಿಸುವಂತಿಲ್ಲ. 1915 ಎಂಬ ಸಹಾಯವಾಣಿಯೂ ಇದೆ. ಆದರೆ ಕಾನೂನು ನೆರವಿಗೆ ಬರುವುದು ಮೋಸ ನಡೆದ ಮೇಲೆ. ಅದಕ್ಕೂ ಮೊದಲೇ ನಮ್ಮನ್ನು ಕಾಯುವುದು ಬೆರಳ ತುದಿ ಮತ್ತು ಗುರುತಿನ ಮುಖ. ಇವೆರಡೂ ಅಂಗಡಿಯ ಹೊಸ್ತಿಲು ದಾಟಿದವನಿಗೆ ಮಾತ್ರ ದಕ್ಕುತ್ತವೆ.

ಇಷ್ಟು ಓದಿದವರು, ಇವನು ಯಂತ್ರವನ್ನು ಶಪಿಸುವ ಮುದುಕ ಎಂದುಕೊಂಡಾರು. ಹಾಗಲ್ಲ. ಕಾಕಾನ ಅಂಗಡಿ ಇವತ್ತಿಗೂ ತೆರೆದಿರಲು ಕಾರಣವಾದದ್ದೂ ಅದೇ ನೇರ ಪ್ರಸಾರ.

ನಾನು ಹೋಗದ ವರ್ಷಗಳಲ್ಲಿ ಗಿರಾಕಿಗಳು ಇಳಿದು ಹೋಗಿ, ಅಂಗಡಿಯನ್ನು ಬಿಟ್ಟುಕೊಡುವ ಮಾತು ನಡೆದಿತ್ತಂತೆ. ಬಿ.ಕಾಂ. ಮುಗಿಸಿದ ಮೊಮ್ಮಗಳು ಒಂದು ಫೋನನ್ನು ನಿಲ್ಲಿಸಿ, ಲೈವ್ ಮಾಡೋಣ ಎಂದಳು. “ಬಾಜಾರದಾಗ ನಿಂತು ಒದರೂದು ನಮ್ಮ ಮನಿತನಕ್ಕ ಒಗ್ಗೂದಿಲ್ಲ” ಎಂದು ಕಾಕಾ ಗದರಿದರು. “ಒದರೂದು ಬ್ಯಾಡ ಅಜ್ಜಾ. ಗಿರಾಕಿಗೆ ದಿನಾ ಏನ ಹೇಳ್ತಿ ಅದನ್ನ ಹೇಳು. ನಾ ಫೋನ್ ಹಿಡಕೊಂಡು ನಿಂದರತೇನಿ” ಎಂದಳಂತೆ ಅವಳು. ಅಂದಿನಿಂದ ಶುಕ್ರವಾರ ಸಂಜೆ ಒಂದು ಗಂಟೆ: ಮೊದಲರ್ಧ ಕನ್ನಡ, ಉಳಿದರ್ಧ ಮರಾಠಿ. ಪಾರ್ಸೆಲ್ ಇಲ್ಲ. ಕಾಕಾ ಎಂಟೋ ಹತ್ತೋ ಸೀರೆಗಳನ್ನು ಬಿಡಿಸಿ, ಚಿಕ್ಕಿ ದಡಿ ಯಾವುದು, ಗೋಮಿ ದಡಿ ಯಾವುದು ಎಂದು ತೋರಿಸಿ, ಪ್ರತಿಯೊಂದನ್ನೂ ಮಗುಚುತ್ತಾರೆ. ಇಷ್ಟವಾದವರು ಹೆಸರು ಹೇಳಿದರೆ ಸೀರೆಯನ್ನು ಮೂರು ದಿನ ಎತ್ತಿಡುತ್ತಾರೆ. ಹಣ ಮುಂಗಡವಾಗಿ ಬೇಡ. ಬಂದು ಮುಟ್ಟಿ ನೋಡಿ, ಬೇಕಾದರೆ ಕೊಳ್ಳಬಹುದು.

ಮದುವೆ ಮುಗಿದ ಮೇಲಿನ ಒಂದು ಶನಿವಾರ ನಾನು ಅಲ್ಲಿ ಎರಡು ಗಂಟೆ ಕುಳಿತಿದ್ದೆ. ಏಳು ಕುಟುಂಬಗಳು ಬಂದವು. ಅವರಲ್ಲಿ ನಾಲ್ವರು ಹಿಂದಿನ ಸಂಜೆ ಪರದೆಯಲ್ಲಿ ನೋಡಿ ಬಂದವರು. ಚಿಂಚವಡದಿಂದ ಬಂದಿದ್ದ ಇಬ್ಬರು ಹೆಣ್ಣುಮಕ್ಕಳು, ತಾವು ಒಂದೇ ಬಡಾವಣೆಯಲ್ಲಿ ಐದು ವರ್ಷದಿಂದ ಇದ್ದರೂ ಕನ್ನಡಿಗರೆಂದು ಒಬ್ಬರಿಗೊಬ್ಬರು ತಿಳಿದದ್ದು ಆ ಗಾದಿಯ ಮೇಲೆ. ಜೊತೆಗಿದ್ದ ಮಗುವಿಗೆ ಕಾಕಾ, “ಯಾವ ಬಣ್ಣ ಬೇಕವ್ವಾ ನಿಮ್ಮ ಅವ್ವಗ?” ಎಂದರು. ಅದು ತಾಯಿಯ ಮುಖ ನೋಡಿ, “ಕೆಂಪ” ಎಂದಿತು. ಮನೆಯ ಹೊರಗೆ ಅಪರಿಚಿತರೊಬ್ಬರಿಗೆ ಆ ಮಗು ಕನ್ನಡದಲ್ಲಿ ಉತ್ತರ ಕೊಟ್ಟದ್ದು ಅದೇ ಮೊದಲು ಎಂದು ತಾಯಿ ನಕ್ಕಳು. ರಾಜ್ಯೋತ್ಸವದ ಭಾಷಣಗಳಲ್ಲಿ ನಾವು ಹಂಬಲಿಸುವುದು ಇದಕ್ಕೇ ಅಲ್ಲವೇ?

ಇಲ್ಲಿ ಒಂದು ಆರ್ಥಿಕ ಸತ್ಯವಿದೆ. ಪಾರ್ಸೆಲ್‌ಗಾಗಿ ಮಾಡುವ ನೇರ ಪ್ರಸಾರದಲ್ಲಿ ದೇಶದ ಎಲ್ಲ ಅಂಗಡಿಗಳೂ ಒಂದೇ ಬೀದಿಯಲ್ಲಿ ಸಾಲಾಗಿ ನಿಂತಂತೆ. ಆ ಬೀದಿಯಲ್ಲಿ ಗೆಲ್ಲುವುದು ಬೆಲೆ. ಬೆಲೆಯಲ್ಲಿ ಗೆಲ್ಲುವವನು ದೊಡ್ಡ ಗೋದಾಮಿನವನು. ಓಣಿಯ ಅಂಗಡಿಗೆ ಅಲ್ಲಿ ಸೋಲು ನಿಶ್ಚಿತ. ಅದರಲ್ಲಿ ಇರುವ, ಬೇರೆಯವರು ಕೊಡಲಾಗದ ವಸ್ತು ಒಂದೇ: ಬಂದು ಮುಟ್ಟಿ ನೋಡುವ, ನಾಳೆ ಬಂದು ಜಗಳವಾಡುವ ಅವಕಾಶ. ನೇರ ಪ್ರಸಾರ ಆ ಅವಕಾಶದ ಕರೆಯೋಲೆಯಾದಾಗ ಸಣ್ಣ ಅಂಗಡಿಗೆ ಬಲ ಬರುತ್ತದೆ. ಅದೇ ಪೂರ್ತಿ ಅಂಗಡಿಯಾದಾಗ ಸಣ್ಣವನ ಬಲ ಹೋಗುತ್ತದೆ.

ಈ ಪ್ರಯೋಗವನ್ನು ಬೃಹತ್ ಪ್ರಮಾಣದಲ್ಲಿ ಮಾಡಿದ ದೇಶ ಚೀನಾ. ಅಲಿಬಾಬಾದ ಟಾವೊಬಾವೊ ಲೈವ್ ಶುರುವಾದದ್ದು 2016ರಲ್ಲಿ. 2020ರ ಆರಂಭದಲ್ಲಿ ಅಂಗಡಿಗಳು ಮುಚ್ಚಿದಾಗ, ಇನ್‌ಟೈಮ್ ಎಂಬ ಮಳಿಗೆ ಸರಣಿಯ ಮಾರಾಟಗಾರರು ನೇರ ಪ್ರಸಾರಕ್ಕೆ ಇಳಿದರು. ಅನಂತರ ಡೌಯಿನ್ ಎಂಬ ವೇದಿಕೆಯಲ್ಲಿ ಇನ್ನೊಂದು ಪದ್ಧತಿ ಬೆಳೆಯಿತು. ಹೋಟೆಲಿನವನು ನೇರ ಪ್ರಸಾರದಲ್ಲಿ ಮಾರುವುದು ಊಟವನ್ನಲ್ಲ, ರಿಯಾಯಿತಿಯ ಚೀಟಿಯನ್ನು. ಕೊಂಡವನು ಹೋಟೆಲಿಗೇ ಬಂದು ಅದನ್ನು ತೋರಿಸಿ ಉಣ್ಣಬೇಕು. ಪರದೆಯಿಂದ ಹೊಸ್ತಿಲಿಗೆ ಜನರನ್ನು ನಡೆಸುವ ಉಪಾಯ ಇದು. ಆದರೆ ವೇದಿಕೆಗೆ ಕಮಿಷನ್, ಗಿರಾಕಿಗೆ ರಿಯಾಯಿತಿ ಎರಡನ್ನೂ ಕೊಡಬೇಕಾದ ಸಣ್ಣ ವ್ಯಾಪಾರಿಗೆ ಉಳಿಯುವುದು ಕಡಿಮೆ. ಚೀನಾದ ಇನ್ನೊಂದು ಮುಖವನ್ನೂ ನೋಡಬೇಕು: ಅಲ್ಲಿನ ಹೆಸರಾಂತ ನೇರ ಪ್ರಸಾರ ಮಾರಾಟಗಾರ್ತಿ ವಿಯಾ ಅವರಿಗೆ ತೆರಿಗೆ ವಂಚನೆಗಾಗಿ 2021ರ ಡಿಸೆಂಬರಿನಲ್ಲಿ 134 ಕೋಟಿ ಯುವಾನ್ ದಂಡ ವಿಧಿಸಲಾಯಿತು. ಮಾತಿನ ಬಲದ ಮೇಲೆ ಒಬ್ಬರ ಬಳಿ ಎಷ್ಟು ವ್ಯಾಪಾರ ಸೇರಬಲ್ಲದು ಎಂಬುದಕ್ಕೆ ಆ ಅಂಕಿಯೇ ಸಾಕ್ಷಿ.

ನಮ್ಮಲ್ಲಿಯ ಪಾಠ ಬೇರೆ. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾಯಿತು. ಅದನ್ನೇ ನೆಚ್ಚಿದ್ದವರ ನೋಡುಗ ಬಳಗ ಒಂದು ರಾತ್ರಿಯಲ್ಲಿ ಇಲ್ಲವಾಯಿತು. ಫೇಸ್‌ಬುಕ್ ತನ್ನ ನೇರ ಮಾರಾಟದ ವಿಶೇಷ ಸೌಲಭ್ಯವನ್ನು 2022ರ ಅಕ್ಟೋಬರ್ 1ರಂದು, ಇನ್‌ಸ್ಟಾಗ್ರಾಂ ತನ್ನದನ್ನು 2023ರ ಮಾರ್ಚಿನಲ್ಲಿ ನಿಲ್ಲಿಸಿದವು. ಸಾಮಾನ್ಯ ನೇರ ಪ್ರಸಾರ ಉಳಿದಿದೆ ನಿಜ. ಆದರೆ ಇನ್ನೊಬ್ಬರ ಅಂಗಳದಲ್ಲಿ ಹಾಕಿದ ಚಪ್ಪರ ಅವರು ಹೇಳಿದ ದಿನ ಕೀಳಬೇಕಾಗುತ್ತದೆ. ಕಾಕಾನ ಮೊಮ್ಮಗಳು ಅಂಗಡಿಗೆ ಬಂದವರ ಹೆಸರು, ಫೋನ್ ನಂಬರುಗಳನ್ನು ಅವರ ಒಪ್ಪಿಗೆ ಪಡೆದು ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಾಳೆ. ವೇದಿಕೆ ಮುಚ್ಚಿದರೂ ಆ ನೋಟುಬುಕ್ಕು ಅವರದೇ.

ಆಕ್ಷೇಪಗಳಿಲ್ಲದೆ ಇಲ್ಲ. ಕನ್ನಡದ ಅಂಗಡಿಯೇ ಇಲ್ಲದ ಭೋಪಾಲದಲ್ಲೋ ಜಮ್‌ಶೆಡ್‌ಪುರದಲ್ಲೋ ಇರುವ ನಮ್ಮವರಿಗೆ ಪಾರ್ಸೆಲ್ ವರವಲ್ಲವೇ ಎಂದು ಕೇಳಬಹುದು. ಖಂಡಿತ ವರ, ಅವರ ವಿಚಾರ ನಾನು ಎತ್ತಿಲ್ಲ. ಅಂಗಡಿ ಒಂದು ಬಸ್ಸಿನ ದಾರಿಯಲ್ಲಿದ್ದೂ ಹೋಗದ ನನ್ನಂಥವರ ವಿಚಾರ ಇದು. ಸಾಂಸ್ಕೃತಿಕ ಸಂಘಕ್ಕೆ ವ್ಯಾಪಾರದ ಗೊಡವೆ ಏಕೆ ಎಂಬುದು ಎರಡನೆಯ ಪ್ರಶ್ನೆ. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳ ಬೆಂಚಿನ ಮೇಲೆ ಕುಳಿತವರು ಹೋಟೆಲಿನಲ್ಲಿ ದುಡಿಯುತ್ತಿದ್ದ ಹುಡುಗರು. ನಮ್ಮ ಸಂಘಗಳ ಸಭಾಭವನಗಳ ಗೋಡೆಯ ಮೇಲಿನ ದಾನಿಗಳ ಹೆಸರುಗಳನ್ನು ಓದಿ ನೋಡಿ: ಎಷ್ಟು ಮಂದಿ ಅಂಗಡಿಯವರು, ಎಷ್ಟು ಮಂದಿ ಹೋಟೆಲಿನವರು! ವ್ಯಾಪಾರ ನಮ್ಮ ಸಂಸ್ಕೃತಿಯ ಖರ್ಚು ಹೊತ್ತಿತು. ಈಗ ಅವರ ಗಾದಿ ಖಾಲಿಯಾಗುವಾಗ ನಾವು ಗೊಡವೆ ಬೇಡವೆನ್ನುವುದು ನ್ಯಾಯವಲ್ಲ.

ಮೂರನೆಯ ಆಕ್ಷೇಪ ತೂಕದ್ದು. ನೇರ ಪ್ರಸಾರ ಎಂಬುದೇ ಕೊಳ್ಳುಬಾಕತನದ ಯಂತ್ರ. ‘ಒಂದೇ ಪೀಸ್ ಉಳಿದಿದೆ’ ಎಂಬ ಕೂಗು ಬೇಡದ್ದನ್ನೂ ಕೊಳ್ಳಿಸುತ್ತದೆ. ಇದನ್ನು ನಾನು ಒಪ್ಪುತ್ತೇನೆ, ನಮ್ಮ ಮನೆಯ ಕಪಾಟೇ ಸಾಕ್ಷಿ ಹೇಳುತ್ತದೆ. ಅದಕ್ಕಾಗಿಯೇ ಮುಂಗಡವಿಲ್ಲದ ಆ ಮೂರು ದಿನಗಳ ನಿಯಮ ನನಗೆ ಹಿಡಿಸಿತು. ಅವಸರ ಪಡಿಸಿ ಮಾರುವ ಸಾಧನವನ್ನೇ ಅದು ಯೋಚಿಸಲು ಸಮಯ ಕೊಡುವ ಸಾಧನವಾಗಿಸಿತು.

ಹಾಗಾದರೆ ಸಂಘ ಏನು ಮಾಡಬಹುದು? ದೊಡ್ಡ ಯೋಜನೆ ಬೇಡ. ನಮ್ಮ ನಗರದಲ್ಲಿ ಕನ್ನಡದಲ್ಲಿ ವ್ಯವಹರಿಸಬಹುದಾದ ಅಂಗಡಿ, ಗಿರಣಿ, ಖಾನಾವಳಿಗಳ ಪಟ್ಟಿಯನ್ನು ಈ ಪತ್ರಿಕೆಯ ಒಂದು ಪುಟದಲ್ಲಿ ಅಚ್ಚು ಹಾಕಬಹುದು. ಸಂಘದ ತರುಣ ತರುಣಿಯರು ಸರದಿಯ ಮೇಲೆ ತಿಂಗಳಿಗೆ ಒಂದು ಅಂಗಡಿಗೆ ಹೋಗಿ, ವಯಸ್ಸಾದ ಮಾಲಕರ ಪರವಾಗಿ ಫೋನ್ ಹಿಡಿದು ನಿಲ್ಲಬಹುದು. ಬೆಲೆ, ಬಟ್ಟೆಯ ಜಾತಿ, ಹಿಂದಿರುಗಿಸುವ ನಿಯಮ ಈ ಮೂರನ್ನೂ ಪ್ರಸಾರದಲ್ಲಿ ಬಾಯಿಬಿಟ್ಟು ಹೇಳಬೇಕೆಂಬುದಷ್ಟೇ ನಮ್ಮ ಷರತ್ತಾಗಿರಲಿ. ಯಾವ ಅಂಗಡಿಯಿಂದಲೂ ಸಂಘ ಕಮಿಷನ್ ತೆಗೆದುಕೊಳ್ಳಬಾರದು. ತೆಗೆದುಕೊಂಡ ದಿನ ನಮ್ಮ ಮಾತಿನ ಬೆಲೆ ಹೋಯಿತು. ಮರಾಠಿಯಲ್ಲೂ ಪ್ರಸಾರವಾಗಲಿ. ‘ಇರ್ಕಲ್’ ಎಂದು ಅಕ್ಕರೆಯಿಂದ ಕರೆದು ನಮ್ಮ ನೇಕಾರರ ಸೀರೆಯನ್ನು ತಲೆಮಾರುಗಳಿಂದ ಉಟ್ಟವರು ಈ ನಾಡಿನ ಹೆಣ್ಣುಮಕ್ಕಳು. ಆ ಅಂಗಡಿ ನಮ್ಮದಾಗಿರುವಷ್ಟೇ ಅವರದೂ ಹೌದು.

ಇದೆಲ್ಲಕ್ಕಿಂತ ಮುಖ್ಯವಾದದ್ದನ್ನು ಯಾವ ಪ್ರಸಾರವೂ ಮಾಡಲಾರದು. ಕರೆದದ್ದಕ್ಕೆ ನಾವು ಎದ್ದು ಹೋಗಬೇಕು. ಪರನಾಡಿನಲ್ಲಿ ಕನ್ನಡ ಉಳಿಯಬೇಕೆಂದು ಠರಾವು ಮಾಡಿದ ಸಭೆಗಳಲ್ಲಿ ನಾನೂ ಕೈಯೆತ್ತಿದ್ದೇನೆ; ಆ ಮೂರು ವರ್ಷಗಳಲ್ಲೂ ಎತ್ತಿದ್ದೆ. ಆದರೆ ಕನ್ನಡದಲ್ಲಿ ಚೌಕಾಸಿ ಮಾಡಬಹುದಾದ ಒಂದು ಗಾದಿ ಖಾಲಿಯಾಗುತ್ತಿದ್ದುದು ನನಗೆ ಕಾಣಲಿಲ್ಲ. ಈಗ ತಿಂಗಳಿಗೊಂದು ಶನಿವಾರ ನಾವಿಬ್ಬರೂ ಆ ಓಣಿಗೆ ಹೋಗುತ್ತೇವೆ. ಪ್ರತಿ ಸಲವೂ ಕೊಳ್ಳುವುದಿಲ್ಲ. ಕಾಕಾ ಚಹಾ ತರಿಸುವುದನ್ನು ಮಾತ್ರ ತಪ್ಪಿಸುವುದಿಲ್ಲ. ಓದುಗರು ತಮ್ಮ ತಮ್ಮ ಊರಿನಲ್ಲಿ ಅಂಥದೊಂದು ಬಾಗಿಲು ಇನ್ನೂ ತೆರೆದಿದೆಯೇ ಎಂದು ಈ ವಾರವೇ ಹೋಗಿ ನೋಡಲಿ ಎಂಬುದಷ್ಟೇ ನನ್ನ ವಿನಂತಿ.