ಸೇವೆ ಯಾರದು? ಫೋಟೋ ಯಾರದು?



ಜುಲೈ ತಿಂಗಳು ಬಂತೆಂದರೆ ಮಂಗಳೂರಿನಲ್ಲಿ ಎರಡು ಮಳೆ. ಒಂದು ಆಕಾಶದ್ದು, ಇನ್ನೊಂದು ಸೇವಾ ಕ್ಲಬ್ಬುಗಳದ್ದು. ರೋಟರಿ, ಲಯನ್ಸ್ ಎರಡರ ವರ್ಷವೂ ಜುಲೈ ಒಂದಕ್ಕೇ ಸುರುವಾಗುತ್ತದೆ. ಹೊಸ ಅಧ್ಯಕ್ಷರ ಪದಗ್ರಹಣ, ಶಾಲು, ಹಾರ, ಊಟ, ದೊಡ್ಡ ಗೌಜಿ. ಅದು ಮುಗಿದ ಮೇಲೆ ವನಮಹೋತ್ಸವ, ಸರಕಾರಿ ಆಸ್ಪತ್ರೆಯಲ್ಲಿ ಹಣ್ಣು ಹಂಪಲು. ಕೊನೆಗೆ ‘ಬಡ ವಿದ್ಯಾರ್ಥಿಗಳಿಗೆ ಪುಸ್ತಕ ವಿತರಣೆ’. ಆ ಬಡ ವಿದ್ಯಾರ್ಥಿ ಎಂದರೆ ಯಾರು? ಹೆಚ್ಚಿನ ಸಲ ನಾವೇ.

ನಮ್ಮ ಹಾಸ್ಟೆಲ್ ದಿನಗಳ ಒಂದು ಸಂಗತಿ ಹೇಳುತ್ತೇವೆ. ಕ್ಲಬ್ಬಿನ ಹೆಸರು ಬೇಡ, ಯಾವ ಕ್ಲಬ್ಬಾದರೂ ಇದೇ ಕಥೆ. ಆರು ನೋಟುಬುಕ್ಕು, ಒಂದು ಪೆನ್ನು. ಅದಕ್ಕಾಗಿ ಒಂದೂವರೆ ಗಂಟೆ ಸಾಲಿನಲ್ಲಿ ನಿಂತೆವು. ಮೈಕಿನಲ್ಲಿ ನಮ್ಮ ಹೆಸರಿನ ಜೊತೆಗೆ ಜಾತಿಯನ್ನೂ ಸೇರಿಸಿ ಕೂಗಿದರು. ಪುಸ್ತಕದ ಒಂದು ತುದಿ ನಮ್ಮ ಕೈಯಲ್ಲಿ, ಇನ್ನೊಂದು ತುದಿ ಅವರ ಕೈಯಲ್ಲಿ. ಫೋಟೋದವನಿಗೆ ಸರಿ ಬರಲಿಲ್ಲ. ‘ಸ್ವಲ್ಪ ನಗು ಮಾರಾಯಾ’ ಅಂದ. ನಕ್ಕೆವು. ಮರುದಿನ ಪೇಪರಿನಲ್ಲಿ ಅವರೆಲ್ಲರ ಹೆಸರು, ಹುದ್ದೆ ಎಲ್ಲ ಇತ್ತು. ನಮ್ಮ ಹೆಸರು ‘ಫಲಾನುಭವಿಗಳು’. ಅಂದು ರಾತ್ರಿ ಕಕ್ಕಸಿನಲ್ಲಿ ನೀರಿರಲಿಲ್ಲ, ಅನ್ನದಲ್ಲಿ ಕಲ್ಲಿತ್ತು. ಬಂದ ಮಹನೀಯರಲ್ಲಿ ಒಬ್ಬರಾದರೂ ‘ನಿಮಗೆ ಏನು ತೊಂದರೆ ಮಕ್ಕಳೇ’ ಎಂದು ಕೇಳಿದ್ದರೆ ಹೇಳುತ್ತಿದ್ದೆವು. ಯಾರೂ ಕೇಳಲಿಲ್ಲ. ಅವರಿಗೆ ಊಟಕ್ಕೆ ಹೊತ್ತಾಗಿತ್ತು.

ನಾವು ಕುರುಡು ದ್ವೇಷದಿಂದ ಮಾತಾಡುತ್ತಿಲ್ಲ. 1905ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲ ರೋಟರಿಯನ್ನು ಸುರು ಮಾಡಿದ. 1917ರಲ್ಲಿ ಲಯನ್ಸ್ ಬಂತು. 1985ರಿಂದ ರೋಟರಿಯವರು ಲೋಕದ ಉದ್ದಗಲಕ್ಕೂ ಪೋಲಿಯೋ ವಿರುದ್ಧ ಹಣ ಹಾಕಿದರು, ಜನರನ್ನು ಕಟ್ಟಿದರು. 2014ರಲ್ಲಿ ಭಾರತ ಪೋಲಿಯೋಮುಕ್ತ ಎಂದು ಘೋಷಣೆಯಾಯಿತು. ಆ ಎರಡು ಹನಿ ನಮ್ಮ ಕೇರಿಯ ಮಕ್ಕಳ ಬಾಯಿಗೂ ಬಿದ್ದಿದೆ. ಇದನ್ನು ಮರೆತರೆ ನಾವು ಸುಳ್ಳುಗಾರರಾಗುತ್ತೇವೆ. ಲಯನ್ಸಿನವರ ಕಣ್ಣಿನ ಶಿಬಿರಗಳಿಂದ ದೃಷ್ಟಿ ಪಡೆದ ಮುದುಕಿಯರು ನಮ್ಮಲ್ಲೂ ಇದ್ದಾರೆ.

ಆದರೆ ಒಂದು ಪ್ರಶ್ನೆ ಕೇಳಲೇಬೇಕು. ಈ ಕ್ಲಬ್ಬಿನ ಒಳಗೆ ಯಾರು, ಹೊರಗೆ ಯಾರು? ಸದಸ್ಯರಾಗಲು ಒಳಗಿನವರು ಕರೆಯಬೇಕು. ವಂತಿಗೆ ಕಟ್ಟಬೇಕು. ರೋಟರಿಯವರು ಸುರುವಿನಲ್ಲಿ ಒಂದೊಂದು ವೃತ್ತಿಗೆ ಒಬ್ಬರೆಂದು ಆರಿಸಿಕೊಳ್ಳುತ್ತಿದ್ದರು. ಡಾಕ್ಟರು ಒಬ್ಬರು, ವಕೀಲರು ಒಬ್ಬರು, ಹಂಚಿನ ವ್ಯಾಪಾರಿ ಒಬ್ಬರು. ಆ ವೃತ್ತಿಗಳ ಪಟ್ಟಿಯಲ್ಲಿ ಚರಂಡಿಗೆ ಇಳಿಯುವವನಿಗೆ ಎಲ್ಲಿ ಜಾಗ? ಹೆಂಗಸರಿಗೂ ಈ ಎರಡು ಸಂಸ್ಥೆಗಳು ಬಾಗಿಲು ತೆರೆದದ್ದು 1987 ಮತ್ತು 1989ರಲ್ಲಿ. ಅಂದರೆ ಬಾಗಿಲು ತಾನಾಗಿ ತೆರೆಯುವುದಿಲ್ಲ, ಯಾರೋ ತಟ್ಟಬೇಕು.

ಈ ಪ್ರಶ್ನೆ ಹೊಸತಲ್ಲ. 1932ರಲ್ಲಿ ಬಾಬಾಸಾಹೇಬರು ಇದನ್ನೇ ಕೇಳಿದ್ದರು. ಪುಣೆ ಒಪ್ಪಂದ ಆದ ಕೂಡಲೇ ಅಸ್ಪೃಶ್ಯತೆ ತೊಲಗಿಸಲಿಕ್ಕೆಂದು ಒಂದು ಸಂಘ ಹುಟ್ಟಿತು. ಅದೇ ಮುಂದೆ ಹರಿಜನ ಸೇವಕ ಸಂಘವಾಯಿತು. ಅಧ್ಯಕ್ಷರು ಬಿರ್ಲಾ, ಕಾರ್ಯದರ್ಶಿ ಠಕ್ಕರ್. ಆ ನವೆಂಬರದಲ್ಲಿ ಬಾಬಾಸಾಹೇಬರು ಲಂಡನ್ನಿಗೆ ಹೋಗುವ ಹಡಗಿನಿಂದಲೇ ಠಕ್ಕರರಿಗೆ ದೀರ್ಘ ಪತ್ರ ಬರೆದರು. ಅದರ ಸಾರ ಇಷ್ಟು: ವಾಚನಾಲಯ, ವ್ಯಾಯಾಮಶಾಲೆ, ಸಹಕಾರ ಸಂಘ ಎಂದು ಒಬ್ಬೊಬ್ಬರನ್ನು ತಿದ್ದುವ ಕೆಲಸಕ್ಕೆ ಶಕ್ತಿ ಹಾಳು ಮಾಡಬೇಡಿ. ಅಸ್ಪೃಶ್ಯನ ಸುತ್ತಲಿನ ಪರಿಸರವನ್ನೇ ಬದಲಾಯಿಸಿ. ಬಾವಿ, ಶಾಲೆ, ಚಾವಡಿ, ಗಾಡಿಗಳಲ್ಲಿ ನಾಗರಿಕ ಹಕ್ಕು ಸಿಗುವಂತೆ ಹೋರಾಡಿ. ಕೆಲಸಕ್ಕೆ ನಮ್ಮವರನ್ನೇ ತೆಗೆದುಕೊಳ್ಳಿ. ಸಂಘ ಈ ದಾರಿ ಹಿಡಿಯಲಿಲ್ಲ. ಆಡಳಿತದಲ್ಲಿ ನಮ್ಮವರಿಗೆ ಪಾಲು ಕೇಳಿದಾಗ ಗಾಂಧೀಜಿ ಕೊಟ್ಟ ಉತ್ತರ, ಇದು ಸವರ್ಣರು ಸಾಲ ತೀರಿಸಲು ಮಾಡಿಕೊಂಡ ಸಂಘ, ಆದ್ದರಿಂದ ಅವರೇ ನಡೆಸಬೇಕು ಎಂದು. ಸಾಲ ಕೊಟ್ಟವನಿಗೆ ಲೆಕ್ಕದ ಪುಸ್ತಕ ನೋಡುವ ಹಕ್ಕಿಲ್ಲವೋ?

‘ಬಾಬಾಸಾಹೇಬರೂ ಬರೋಡಾ ಮಹಾರಾಜರ ಹಣದಲ್ಲೇ ಓದಿದ್ದಲ್ಲವೋ’ ಎಂದು ಕೆಲವರು ಕೇಳುತ್ತಾರೆ. ಹೌದು, 1913ರಲ್ಲಿ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದಲೇ ಅವರು ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. ಅದು ಭಿಕ್ಷೆಯಲ್ಲ, ಕರಾರು. ಓದಿ ಬಂದು ಬರೋಡಾ ಸಂಸ್ಥಾನದ ಕೆಲಸ ಮಾಡಬೇಕು ಎಂಬ ಕರಾರು. 1917ರಲ್ಲಿ ಅವರು ಮಾತಿನಂತೆ ಕೆಲಸಕ್ಕೆ ಹೋದರು. ಆದರೆ ಆ ಊರಿನಲ್ಲಿ ಅವರಿಗೆ ಉಳಿಯಲು ಒಂದು ಕೋಣೆ ದಕ್ಕಲಿಲ್ಲ. ಪಾರ್ಸಿ ಛತ್ರದಿಂದ ದೊಣ್ಣೆ ಹಿಡಿದವರು ಹೊರಗೆ ಹಾಕಿದರು. ಓದಿಗೆ ಹಣ ಸಿಕ್ಕಿತು, ಮಲಗಲು ಜಾಗ ಸಿಗಲಿಲ್ಲ. ಹಡಗಿನಿಂದ ಬರೆದ ಪತ್ರದ ಅರ್ಥ ಇದೇ. ಒಬ್ಬನಿಗೆ ಕೊಟ್ಟರೆ ಸಾಲದು, ಊರು ಬದಲಾಗಬೇಕು.

ಇನ್ನು ನಮ್ಮ ಊರಿನ ಕಥೆಗೆ ಬರುವ. ಮಂಗಳೂರಿನ ಪುರಭವನಕ್ಕೆ ಯಾರ ಹೆಸರಿದೆ ನೋಡಿ. ಕುದ್ಮುಲ್ ರಂಗರಾಯರದ್ದು. ಸಾರಸ್ವತ ಬ್ರಾಹ್ಮಣ, ವಕೀಲ. 1897ರಲ್ಲಿ ಇಲ್ಲಿ ದಲಿತೋದ್ಧಾರಕ್ಕಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ನಮ್ಮ ಮಕ್ಕಳಿಗೆ ಶಾಲೆ ತೆರೆದರು. ಅವರ ಸ್ವಂತ ಜಾತಿಯವರೇ ಅವರನ್ನು ಹೊರಗಿಟ್ಟರು. ದಲಿತರ ಮಗನೊಬ್ಬ ಓದಿ, ಕೆಲಸ ಹಿಡಿದು, ಇದೇ ಊರಿನ ರಸ್ತೆಯಲ್ಲಿ ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಗಬೇಕು ಎಂಬುದು ಅವರ ಆಸೆಯಾಗಿತ್ತು. 1928ರಲ್ಲಿ ತೀರಿಕೊಂಡರು. ಇದೇ ಊರಿನಲ್ಲಿ ಅವರ ಸಮಾಧಿ ಇದೆ, ಒಮ್ಮೆ ಹೋಗಿ ಬನ್ನಿ. ಅವರು ನಮ್ಮ ಕಾರಿನ ಧೂಳು ಬಯಸಿದರು. ಈಗಿನ ಮಹನೀಯರು ತಮ್ಮ ಕಾರಿನ ಧೂಳಿನಲ್ಲಿ ನಿಂತು ಚಪ್ಪಾಳೆ ತಟ್ಟಿ ಎನ್ನುತ್ತಾರೆ. ಸೇವೆಗೂ ಸೇವೆಗೂ ಇರುವ ವ್ಯತ್ಯಾಸ ಇಷ್ಟೇ. ಒಂದಕ್ಕೆ ಬೆಲೆ ತೆರಬೇಕು, ಇನ್ನೊಂದಕ್ಕೆ ಪೋಸು ಕೊಟ್ಟರೆ ಸಾಕು.

ಆದಿತ್ಯವಾರ ಬೆಳಿಗ್ಗೆ ಕೈಗವುಸು ಹಾಕಿ, ಟೊಪ್ಪಿ ಇಟ್ಟು ರಸ್ತೆ ಗುಡಿಸುವ ಶ್ರಮದಾನ ಇದೆ. ಮಾಡಲಿ, ಒಳ್ಳೆಯದೇ. ಸೋಮವಾರದಿಂದ ಶನಿವಾರದವರೆಗೆ ಗುಡಿಸುವವರು ಯಾರು? ಈ ಪಟ್ಟಣದ ಕಸ ಪಚ್ಚನಾಡಿಗೆ ಹೋಗುತ್ತದೆ. 2019ರ ಆಗಸ್ಟ್ ಮಳೆಗೆ ಆ ಕಸದ ಗುಡ್ಡೆಯೇ ಜಾರಿ ಮಂದಾರದ ಮನೆ, ತೋಟಗಳ ಮೇಲೆ ಬಂತು. ಮಲ ಹೊರಿಸುವುದನ್ನು ನಿಲ್ಲಿಸಲು 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು. ಮ್ಯಾನ್‌ಹೋಲಿನಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಸತ್ತ ಮೇಲಿನ ಲಕ್ಷಕ್ಕಿಂತ ಬದುಕಿರುವಾಗಿನ ಯಂತ್ರ ದೊಡ್ಡದು. ಇದರ ಬಗ್ಗೆ ಮಾತಾಡುವ ಸೇವಾ ಕ್ಲಬ್ಬು ಬೇಕು ನಮಗೆ.

ರೋಟರಿಯವರಲ್ಲಿ ನಾಲ್ಕು ಪ್ರಶ್ನೆಗಳ ಒಂದು ಪರೀಕ್ಷೆ ಇದೆ: ಸತ್ಯವೋ, ನ್ಯಾಯವೋ, ಸ್ನೇಹ ಬೆಳೆಸೀತೋ, ಎಲ್ಲರಿಗೂ ಹಿತವೋ ಎಂದು. ಒಳ್ಳೆಯ ಪರೀಕ್ಷೆ. ನಾವೂ ನಾಲ್ಕು ಪ್ರಶ್ನೆ ಇಟ್ಟುಕೊಳ್ಳುವ. ಹಾಸ್ಟೆಲಿಗೆ ಯಾರು ಬಂದರೂ ಮರ್ಯಾದೆಯಿಂದ ಕೇಳುವ. ನಮಗೆ ಬೇಕಾದದ್ದು ಏನೆಂದು ಮೊದಲೇ ಕೇಳಿದ್ದೀರೋ? ಜಾತಿ ಕೂಗದೆ, ಫೋಟೋ ಇಲ್ಲದೆ ಕೊಡುತ್ತೀರೋ? ನಮ್ಮ ಜೊತೆ ಒಂದೇ ಪಂಕ್ತಿಯಲ್ಲಿ ಕೂತು ಈ ಹಾಸ್ಟೆಲಿನ ಅನ್ನ ಉಣ್ಣುತ್ತೀರೋ? ನಾಳೆ ನಾವು ಬಾಡಿಗೆ ಮನೆ ಕೇಳಿಕೊಂಡು ನಿಮ್ಮ ಬೀದಿಗೆ ಬಂದರೆ ‘ನೀವು ಯಾವ ಜನ’ ಎಂದು ಕೇಳದೆ ಕೊಡುತ್ತೀರೋ? ಹೌದು ಎಂದವರು ನಮ್ಮ ಗೆಳೆಯರು, ಬರಲಿ. ನಾಲ್ಕಕ್ಕೂ ಇಲ್ಲ ಎಂದವರ ನೋಟುಬುಕ್ಕು ಅವರಲ್ಲೇ ಇರಲಿ.

ಕಾಲೇಜಿನ ರೋಟರ‍್ಯಾಕ್ಟಿಗೆ, ಲಿಯೋಗೆ ಸೇರಬಾರದೋ ಎಂದು ಕೇಳಿದರೆ, ಸೇರಿ ಎಂದೇ ಹೇಳುತ್ತೇವೆ. ಬರೇ ಬೆಂಚು ಹೊರಲಿಕ್ಕೆ, ರಕ್ತ ಕೊಡಲಿಕ್ಕೆ ಅಲ್ಲ. ಖಜಾಂಚಿಯಾಗಿ, ಕಾರ್ಯದರ್ಶಿಯಾಗಿ. ಶಿಬಿರದಲ್ಲಿ ನಮ್ಮ ರಕ್ತಕ್ಕೆ ಜಾತಿ ಇಲ್ಲ ಎಂದಾದರೆ ಕುರ್ಚಿಗೂ ಇರಬಾರದು.

ಅದಕ್ಕಿಂತ ಮೊದಲು ನಮ್ಮದೇ ಸಂಘ ಬೇಕು. ಬಾಬಾಸಾಹೇಬರು 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು. ಅದರ ಮೊದಲ ಕೆಲಸಗಳಲ್ಲೊಂದು ಏನು ಗೊತ್ತೋ? 1925ರಲ್ಲಿ ಸೋಲಾಪುರದಲ್ಲಿ ತೆರೆದ ಒಂದು ಹಾಸ್ಟೆಲು! ಆ ಸಭೆಯ ಅಧ್ಯಕ್ಷರು ಚಿಮನ್‌ಲಾಲ್ ಸೆಟಲ್ವಾಡ್, ನಮ್ಮವರಲ್ಲ. ಹೊರಗಿನವರ ನೆರವು ಬಾಬಾಸಾಹೇಬರಿಗೆ ಬೇಡವಾಗಿರಲಿಲ್ಲ. ಆದರೆ ಕೆಲಸ ನಡೆಸುವ ಸಮಿತಿಯ ಚುಕ್ಕಾಣಿ ತಮ್ಮ ಕೈಯಲ್ಲೇ ಇಟ್ಟುಕೊಂಡರು. ಎರಡು ವರ್ಷದಲ್ಲಿ, 1927ರ ಮಾರ್ಚಿನಲ್ಲಿ, ಮಹಾಡದ ಚವದಾರ್ ಕೆರೆಯ ನೀರಿಗೆ ಕೈ ಇಟ್ಟರು. ಹಾಸ್ಟೆಲಿನಿಂದ ಕೆರೆಗೆ ದಾರಿ ಇದೆ ಗೆಳೆಯರೇ.

ಕೆಲಸ ಸಣ್ಣದರಿಂದ ಸುರು ಮಾಡುವ. ಡಿಗ್ರಿಯವರು ಎಸ್ಸೆಸ್ಸೆಲ್ಸಿ ತಮ್ಮಂದಿರಿಗೆ ರಾತ್ರಿ ಒಂದು ಗಂಟೆ ಲೆಕ್ಕ ಹೇಳಿಕೊಡಲಿ. ಸ್ಕಾಲರ್‌ಶಿಪ್ ಅರ್ಜಿ ಬಾಕಿ ಇರುವವರ ಪಟ್ಟಿ ಮಾಡಿ, ಕೂತು ತುಂಬಿಸುವ. ಯಾರ ರಕ್ತ ಯಾವ ಗುಂಪು ಎಂದು ಬರೆದು ಗೋಡೆಗೆ ಅಂಟಿಸುವ; ವೆನ್ಲಾಕಿನಲ್ಲಿ, ಲೇಡಿಗೋಷನ್ನಿನಲ್ಲಿ ನಮ್ಮ ಊರಿನ ತಾಯಂದಿರು ಮಲಗಿದ್ದಾರೆ. ಹಾಸ್ಟೆಲಿನ ಊಟಕ್ಕೆ ತಲೆಗೆ ಎಷ್ಟು ಹಣ ಬರುತ್ತದೆ, ಎಷ್ಟು ಖರ್ಚಾಗುತ್ತದೆ ಎಂದು 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ ಕೇಳುವ. ಆ ಅನ್ನ ಯಾರ ದಾನವೂ ಅಲ್ಲ, ಸಂವಿಧಾನ ಕೊಟ್ಟ ಪಾಲು.

ಪೆನ್ನು ಕೊಟ್ಟವರಿಗೆ ಒಂದು ವಂದನೆ. ಆ ಪೆನ್ನಿನಿಂದ ಮೊದಲು ಬರೆಯುವುದು ಥ್ಯಾಂಕ್ಸ್ ಪತ್ರವನ್ನಲ್ಲ, ಆ ಮಾಹಿತಿ ಹಕ್ಕಿನ ಅರ್ಜಿಯನ್ನು.

ಜೈ ಭೀಮ್.