ಬಯಾಸ್‌ಗೇಕೆ ಇಲ್ಲದ ಉಸಾಬರಿ?

ಮುಂಬೈಗೆ ಬಂದು ಮೂವತ್ತೊಂದು ವರ್ಷವಾಯ್ತು. ಮೊದಲ ಒಂಬತ್ತು ವರ್ಷ ಕಳೆದದ್ದು ಚಾಳಿನ ಒಂದೇ ಖೋಲಿಯಲ್ಲಿ. ಮಧ್ಯೆ ಒಂದು ಪ್ಲೈವುಡ್ ಪಾರ್ಟಿಷನ್, ಈಚೆ ಅಡುಗೆ, ಆಚೆ ನಿದ್ದೆ. ಊರಿಂದ ನೆಂಟರು ಬಂದರೆ ಅದನ್ನೇ ಅತ್ತಿತ್ತ ಸರಿಸಿ ಜಾಗ ಮಾಡುತ್ತಿದ್ದೆವು. ಒಳಗೆ ಹೇಗೆ ಪಾಲು ಮಾಡಿಕೊಂಡಿದ್ದೀರಿ ಅಂತ ನಮ್ಮ ಪೋಸ್ಟ್‌ಮ್ಯಾನ್ ಒಂದು ದಿನವೂ ಕೇಳಲಿಲ್ಲ. ಬಾಗಿಲ ಮೇಲಿನ ನಂಬರ್ ನೋಡುತ್ತಿದ್ದ, ಕಾಗದ ಕೊಡುತ್ತಿದ್ದ, ಹೋಗುತ್ತಿದ್ದ. ಅಷ್ಟೇ ಅವನ ಕೆಲಸ.

ಈಗ ಅವನ ನೆನಪು ಯಾಕೆ ಬಂತು ಅಂದರೆ, ಮೊನ್ನೆ ನಮ್ಮ ಕನ್ನಡ ಸಂಘದ ಕಂಪ್ಯೂಟರ್ ನನ್ನ ಮೂರು ದಿನ ತಿಂದುಹಾಕಿತು.

2010ರ ಸುಮಾರಿನ ಡೆಸ್ಕ್‌ಟಾಪ್ ಅದು, ಯಾರೋ ದಾನ ಕೊಟ್ಟದ್ದು. ಅದರಲ್ಲಿ 3 ಟೆರಾಬೈಟಿನ ಒಂದು ಡಿಸ್ಕ್. ಸಂಘದ ಇಬ್ಬರು ಹಿರಿಯರು ಎರಡು ವರ್ಷ ಸಂಜೆ ಸಂಜೆ ಕೂತು ತಾಳಮದ್ದಲೆಯ ಹಳೇ ಕ್ಯಾಸೆಟ್ಟುಗಳನ್ನೆಲ್ಲ ಅದಕ್ಕೆ ಇಳಿಸಿದ್ದರು. ಬೂಷ್ಟು ಹಿಡಿದಿದ್ದ ಕ್ಯಾಸೆಟ್ಟುಗಳನ್ನು ಆಮೇಲೆ ಎಸೆದೂ ಆಗಿತ್ತು. ಎರಡನೇ ಪ್ರತಿ? ಅರ್ಧದಷ್ಟಕ್ಕೆ ಮಾತ್ರ ಇತ್ತು. ಈ ತಪ್ಪು ನಮ್ಮದೇ, ಒಪ್ಪಿಕೊಳ್ಳುತ್ತೇನೆ.

ವಿಂಡೋಸ್ ಇದ್ದ ಇನ್ನೊಂದು ಸಣ್ಣ ಡಿಸ್ಕ್ ಕೆಟ್ಟುಹೋಯ್ತು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, 11 ಈ ಮುದಿ ಯಂತ್ರಕ್ಕೆ ಹತ್ತುವುದಿಲ್ಲ. ಸರಿ, ದೊಡ್ಡ ಡಿಸ್ಕಿನ ಆರಂಭದಲ್ಲಿ ಖಾಲಿ ಬಿಟ್ಟಿದ್ದ ಜಾಗಕ್ಕೆ ಲಿನಕ್ಸ್ ಹಾಕಿದೆ. ಎಲ್ಲ ಸುಸೂತ್ರ. ರೀಸ್ಟಾರ್ಟ್ ಮಾಡಿದರೆ ಕಪ್ಪು ಪರದೆ: ಬೂಟ್ ಮಾಡುವಂಥ ಡಿಸ್ಕೇ ಇಲ್ಲವಂತೆ!

ರಿಪೇರಿ ಅಂಗಡಿಯ ಹುಡುಗ ನೋಡಿದವನೇ, "ಅಂಕಲ್, ಡಿಸ್ಕ್ ಗಯಾ. ಫಾರ್ಮ್ಯಾಟ್ ಕರ್ ಕೇ ದೇಖೇಂ ಕ್ಯಾ?" ಅಂದ. ನನ್ನ ಎದೆ ಧಸಕ್ಕೆಂದಿತು. ಬೇಡಪ್ಪಾ ಅಂತ ಡಿಸ್ಕ್ ಬಿಚ್ಚಿಸಿಕೊಂಡು ಮನೆಗೆ ತಂದೆ. ಇನ್ನೊಂದು ಕಂಪ್ಯೂಟರಿಗೆ ಸಿಕ್ಕಿಸಿ ನೋಡಿದರೆ, ಎಲ್ಲಾ ಫೈಲುಗಳೂ ಭದ್ರವಾಗಿದ್ದವು! ಹಾಗಾದರೆ ಕೆಟ್ಟದ್ದು ಯಾವುದು?

ವಿಷಯ ಇಷ್ಟು. ಡಿಸ್ಕಿನ ಮೊದಲ ಸೆಕ್ಟರ್ 512 ಬೈಟ್. ಎಂಬಿಆರ್ ಅನ್ನುವ ಹಳೇ ಪದ್ಧತಿಯಲ್ಲಿ (1983ರ ಪಿಸಿ ಡಾಸ್ 2.0 ಕಾಲದ್ದು) ಅದರಲ್ಲಿ 446 ಬೈಟ್ ಬೂಟ್ ಮಾಡಿಸುವ ಕೋಡಿಗೆ, 64 ಬೈಟ್ ನಾಲ್ಕು ಪಾರ್ಟಿಷನ್‌ಗಳ ಪಟ್ಟಿಗೆ, ಕೊನೆಯ ಎರಡು ಬೈಟ್ ಒಂದು ಸಹಿಗೆ. ಈ ಪಟ್ಟಿಯ ಲೆಕ್ಕ ಸುಮಾರು 2.2 ಟೆರಾಬೈಟಿಗೆ ಮುಗಿಯುತ್ತದೆ. ಹಾಗಾಗಿ ದೊಡ್ಡ ಡಿಸ್ಕಿಗೆ ಜಿಪಿಟಿ ಅನ್ನುವ ಹೊಸ ಪದ್ಧತಿ ಬೇಕು. ಹಳೇ ತಂತ್ರಾಂಶಗಳು ಡಿಸ್ಕ್ ಖಾಲಿ ಅಂದುಕೊಂಡು ಅಳಿಸಿಬಿಡದಿರಲಿ ಅಂತ ಜಿಪಿಟಿಯಲ್ಲೂ ಮೊದಲ ಸೆಕ್ಟರಿನಲ್ಲಿ ಹಳೇ ಶೈಲಿಯ ಒಂದು ಪಟ್ಟಿ ಇಡುತ್ತಾರೆ. ಅದರಲ್ಲಿ ಒಂದೇ ನಮೂದು, 'ಈ ಜಾಗ ಬೇರೆಯವರದ್ದು' ಅನ್ನುವ ಬೋರ್ಡಿನ ಹಾಗೆ.

ಇನ್ನು ಬಯಾಸ್‌ನ ಕೆಲಸವೇನು? ಮೊದಲ ಸೆಕ್ಟರ್ ಓದು, ಸಹಿ ಇದೆಯಾ ನೋಡು, ಅಲ್ಲಿರುವ ಕೋಡಿಗೆ ಯಜಮಾನಿಕೆ ಬಿಟ್ಟುಕೊಡು. ನಮ್ಮ ಪೋಸ್ಟ್‌ಮ್ಯಾನ್ ಥರ. ಆದರೆ ನಮ್ಮ ಸಂಘದ್ದು ಹೆಚ್ಚು ಬುದ್ಧಿವಂತ ಬಯಾಸ್! ಪಟ್ಟಿಯೊಳಗೆ ಇಣುಕಿ, ಯಾವ ಪಾರ್ಟಿಷನ್‌ಗೂ 'ಆ್ಯಕ್ಟಿವ್' ಗುರುತಿಲ್ಲ ಅಂತ ಕಂಡು, ಇದು ಬೂಟ್ ಡಿಸ್ಕೇ ಅಲ್ಲ ಅಂತ ತೀರ್ಪು ಕೊಟ್ಟಿತು. ತಮಾಷೆ ನೋಡಿ, ಜಿಪಿಟಿಯ ಆ ನಮೂದಿನಲ್ಲಿ ಗುರುತು ಇರಬಾರದು ಅಂತಲೇ ಯುಇಎಫ್ಐ ನಿಯಮ ಹೇಳುತ್ತದೆ. ನಿಯಮ ಪಾಲಿಸಿದ್ದಕ್ಕೇ ನಮಗೆ ಶಿಕ್ಷೆ.

ಪರಿಹಾರ? ಒಂದೇ ಒಂದು ಬೈಟ್. ಹೆಕ್ಸ್ ಲೆಕ್ಕದಲ್ಲಿ 00 ಇದ್ದದ್ದನ್ನು 80 ಮಾಡಿದೆ. ಕಂಪ್ಯೂಟರ್ ಎದ್ದು ಕೂತಿತು.

ಹೊಸ ಯಂತ್ರಗಳಾದರೂ ಸುಧಾರಿಸಿವೆಯಾ? ಕೆಲವು ಯುಇಎಫ್ಐ ಯಂತ್ರಗಳು ಅದೇ 80 ಕಂಡರೆ ಮುನಿಸಿಕೊಳ್ಳುತ್ತವೆ, ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬಾರದು ಅಂತ ನಿಯಮವಿದ್ದರೂ. ಇನ್ನು ಕೆಲವಕ್ಕೆ ವಿಂಡೋಸ್‌ನ ಬೂಟ್ ಫೈಲ್ ಬಿಟ್ಟರೆ ಬೇರೆ ಯಾವುದೂ ಕಣ್ಣಿಗೆ ಬೀಳುವುದಿಲ್ಲ.

"ಎಲ್ಲರೂ ಹಾಕಿಕೊಳ್ಳುವ ಹಾಗೆ ಹಾಕಿಕೊಂಡರೆ ಈ ತಾಪತ್ರಯ ಯಾಕೆ?" ಅಂತ ಗೆಳೆಯರೊಬ್ಬರು ಕೇಳಿದರು. ಸ್ವಲ್ಪ ಮಟ್ಟಿಗೆ ನಿಜ. ಒಂದೇ ಡಿಸ್ಕಿಗೆ ಹಳೇ ಪಟ್ಟಿ, ಹೊಸ ಪಟ್ಟಿ ಎರಡನ್ನೂ ನಿಜವಾಗಿ ಬಳಸುವ 'ಹೈಬ್ರಿಡ್' ಉಪಾಯ ಒಂದಿದೆ. 2006ರಲ್ಲಿ ಆಪಲ್‌ನ ಬೂಟ್ ಕ್ಯಾಂಪ್ ವಿಂಡೋಸ್ ಎಕ್ಸ್‌ಪಿಗಾಗಿ ಬಳಸಿದ್ದು ಅದನ್ನೇ. ಒಂದನ್ನು ತಿದ್ದಿ ಇನ್ನೊಂದನ್ನು ಮರೆತರೆ ಡೇಟಾಗೆ ಕುತ್ತು. ಅಂಥದ್ದಕ್ಕೆ ಫರ್ಮ್‌ವೇರ್ ತಕರಾರು ತೆಗೆದರೆ ನಾನು ದೂರುವುದಿಲ್ಲ. ಆದರೆ ನಾವು ಮಾಡಿದ್ದು ಅಡ್ಡದಾರಿ ಅಲ್ಲವಲ್ಲ. 3 ಟೆರಾಬೈಟ್ ಪೂರ್ತಿ ಬಳಸಲು ಇದ್ದ ನೇರ ದಾರಿಯೇ ಅದು.

"ಕಂಪನಿಯವರು ಎಷ್ಟು ಥರದ ಡಿಸ್ಕ್ ಅಂತ ಪರೀಕ್ಷೆ ಮಾಡ್ತಾರೆ ಮಾರಾಯ್ರೆ?" ಅಂತಲೂ ಕೇಳಬಹುದು. ನಾನು ಹೆಚ್ಚು ಕೆಲಸ ಮಾಡಿ ಅನ್ನುತ್ತಿಲ್ಲ, ಕಡಿಮೆ ಮಾಡಿ ಅನ್ನುತ್ತಿದ್ದೇನೆ! ಇಣುಕದೇ ಇರುವುದಕ್ಕೆ ಖರ್ಚೇನೂ ಇಲ್ಲ. ಇಣುಕಿದ್ದರಿಂದ ಒಂದು ಒಳ್ಳೆಯ ಡಿಸ್ಕ್ ಸತ್ತಿದೆ ಅನ್ನಿಸಿಕೊಂಡಿತು, ಎರಡು ವರ್ಷದ ದುಡಿಮೆ ಫಾರ್ಮ್ಯಾಟಿನ ಬಾಯಿಗೆ ಬೀಳುವುದರಲ್ಲಿತ್ತು. ಹೀಗೆ ಎಷ್ಟು ಡಿಸ್ಕುಗಳು ಭಂಗಾರ್‌ವಾಲಾನ ಚೀಲ ಸೇರಿವೆಯೋ.

ಅದಕ್ಕೇ ನನ್ನದೊಂದು ವಿನಂತಿ. 'ಡಿಸ್ಕ್ ಇಲ್ಲ' ಅಂತ ಪರದೆ ಹೇಳಿದರೆ ತಕ್ಷಣ ನಂಬಬೇಡಿ. ಬೇರೆ ಕಂಪ್ಯೂಟರಿಗೆ ಹಾಕಿ ನೋಡುವ ತನಕ ಫಾರ್ಮ್ಯಾಟ್ ಮಾಡಲು ಯಾರಿಗೂ ಬಿಡಬೇಡಿ. ಎರಡನೇ ಪ್ರತಿ ಇಡಿ.

ನಾವು ಈಗ ಇಟ್ಟಿದ್ದೇವೆ. ಶನಿವಾರ ಸಂಜೆ ಆ ಹಿರಿಯರಿಬ್ಬರನ್ನೂ ಕೂರಿಸಿ ಮೊದಲ ತಾಳಮದ್ದಲೆ ಹಾಕಿದೆ. ಚೆಂಡೆಯ ಸದ್ದು ಬಂದದ್ದೇ ಒಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು. ಆ ಒಂದು ಬೈಟಿನ ಕಥೆ ಅವರಿಗೆ ನಾನಿನ್ನೂ ಹೇಳಿಲ್ಲ.