ಬಟ್ಟೆಯ ಬೆನ್ನು ತೋರಿಸಿ

2023ರ ಜುಲೈ ತಿಂಗಳಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ವಿಭಾಗದ ಸಭೆ ಹಂಪಿಯಲ್ಲಿ ನಡೆದಾಗ ಸಂಡೂರಿನ ಲಂಬಾಣಿ ಕಸೂತಿ ಗಿನ್ನೆಸ್ ದಾಖಲೆಗೆ ಸೇರಿದ್ದು ಹಲವರಿಗೆ ನೆನಪಿರಬಹುದು. ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಮಹಿಳೆಯರು ಸಿದ್ಧಪಡಿಸಿದ 1755 ಕಸೂತಿ ತುಂಡುಗಳನ್ನು ಅಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದರು. ಸಂಡೂರು ಎಂದರೆ ಗಣಿ, ಲಾರಿ, ಕೆಂಪು ಧೂಳು ಎಂದಷ್ಟೇ ತಿಳಿದಿದ್ದವರಿಗೆ ಅಲ್ಲಿ ಸೂಜಿ ದಾರವೂ ಉಂಟೆಂದು ಗೊತ್ತಾಯಿತು.

ಒಳ್ಳೆಯದೇ ಆಯಿತು. ಆದರೆ ಚಿತ್ರ ನೋಡಿ ‘ಆಹಾ’ ಎಂದವರೆಲ್ಲ ಚೀಲ ಕೊಳ್ಳುವುದಿಲ್ಲ. ಕಣ್ಣಿಗೆ ಬೀಳುವುದು ಬೇರೆ, ಕೈಗೆ ಕಾಸು ಬರುವುದು ಬೇರೆ. ಇವೆರಡರ ನಡುವೆ ತುಂಗಭದ್ರೆಯಷ್ಟೇ ಅಗಲದ ಹೊಳೆಯೊಂದಿದೆ. ನಂಬಿಕೆ ಎಂಬ ಹರಿಗೋಲು ಇಲ್ಲದೆ ಅದನ್ನು ದಾಟಲಾಗದು.

ಈ ಮಾತನ್ನು ಈಗ ಎತ್ತುವುದಕ್ಕೆ ಕಾರಣವಿದೆ. ಅಮ್ಮ ಹೊಲಿದ ಚೀಲ, ಅಪ್ಪನ ಗದ್ದೆಯ ಅಕ್ಕಿ, ಚಿಕ್ಕಪ್ಪನ ಹೋಂ ಸ್ಟೇ, ಇವನ್ನೆಲ್ಲ ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್, ಫೇಸ್‌ಬುಕ್‌ಗಳಲ್ಲಿ ಮಾರಲು ಹೊರಡುವವರು ಇಂದು ಹೆಚ್ಚಾಗಿ ಮನೆಯ ಮಕ್ಕಳೇ. ಪಿಯುಸಿಯೋ ಪದವಿಯೋ ಓದುತ್ತಿರುವ ಹುಡುಗ ಹುಡುಗಿಯರು. ಹಿರಿಯರಿಗೆ ಇದು ಆಟವೋ ವ್ಯಾಪಾರವೋ ತಿಳಿಯದು. ಮಕ್ಕಳಿಗೆ ಲೈಕುಗಳ ಲೆಕ್ಕ ಗೊತ್ತು, ವ್ಯಾಪಾರದ ಲೆಕ್ಕ ಅಷ್ಟಾಗಿ ಗೊತ್ತಿಲ್ಲ. ಇಬ್ಬರೂ ಕೂತು ಓದಲಿ ಎಂದು ಈ ವಾರದ ಅಂಕಣ.

ಮೊದಲು ನಮ್ಮೂರುಗಳ ಸಂತೆಯನ್ನು ನೆನೆಯೋಣ. ಅಲ್ಲಿ ಜಾಹೀರಾತು ಇರಲಿಲ್ಲ, ಆದರೂ ಜನ ನಂಬಿ ಕೊಳ್ಳುತ್ತಿದ್ದರು. ಹೇಗೆ? ಸರಕನ್ನು ಮುಟ್ಟಿ, ಮೂಸಿ, ತಿರುಗಿಸಿ ನೋಡಬಹುದಿತ್ತು. ಮಾರುವಾಕೆ ವಾರವಾರವೂ ಅದೇ ಮರದಡಿ, ಅದೇ ಗೋಣಿಯ ಮೇಲೆ ಕೂರುತ್ತಿದ್ದಳು. ಮೋಸವಾದರೆ ಮುಂದಿನ ವಾರ ಹೋಗಿ ಜಗಳ ಆಡಬಹುದಿತ್ತು. ಜಗಳ ಆಡಲು ಅನುಕೂಲ ಇದೆಯೆಂಬ ಧೈರ್ಯವೇ ನಂಬಿಕೆಯ ಬುಡ ಎಂದರೆ ನಗಬೇಡಿ. ಮೊಬೈಲಿನ ಅಂಗಡಿಯಲ್ಲಿ ಮುಟ್ಟಲು ಸರಕಿಲ್ಲ, ಕೂತ ಜಾಗ ಕಾಣದು, ಜಗಳ ಆಡೋಣವೆಂದರೆ ಅಂಗಡಿಯವನೇ ‘ಬ್ಲಾಕ್’ ಮಾಡಿ ಹೋಗಿಬಿಡಬಹುದು. ಮಾರುವವರು ಈ ಮೂರನ್ನೂ ಕೊಳ್ಳುವವರಿಗೆ ಹೇಗಾದರೂ ವಾಪಸು ಕೊಡಬೇಕು. ಮಿಕ್ಕ ಬಣ್ಣ, ಹಾಡು, ಕುಣಿತ ಆಮೇಲೆ.

ಮುಟ್ಟಿ ನೋಡುವ ವಿಚಾರಕ್ಕೆ ಸಂಡೂರಿನ ಕಸೂತಿಯನ್ನೇ ತೆಗೆದುಕೊಳ್ಳಿ. ಕನ್ನಡಿ ಬಿಲ್ಲೆ, ಕವಡೆ, ಬಣ್ಣದ ದಾರ ಸೇರಿದ ಈ ಕೆಲಸಕ್ಕೆ ಭೌಗೋಳಿಕ ಗುರುತು, ಅಂದರೆ ಜಿಐ ನೋಂದಣಿ ದೊರೆತಿದೆ. ಆದರೂ ಮಾರುಕಟ್ಟೆಯಲ್ಲಿ ಯಂತ್ರದಲ್ಲಿ ಹೊಲಿದ ‘ಬಂಜಾರ ಮಾದರಿ’ಯ ಚೀಲಗಳು ಅಗ್ಗಕ್ಕೆ ಸಿಗುತ್ತವೆ. ಫೋಟೋದಲ್ಲಿ ಎರಡೂ ಒಂದೇ ಥರ ಥಳಥಳಿಸುತ್ತವೆ. ಎಷ್ಟೋ ಸಲ ಯಂತ್ರದ್ದೇ ಹೆಚ್ಚು ಚೆನ್ನಾಗಿ ಕಾಣುತ್ತದೆ, ಏಕೆಂದರೆ ಯಂತ್ರಕ್ಕೆ ಬೇಸರವಿಲ್ಲ, ಬೆನ್ನು ನೋವಿಲ್ಲ. ಹಾಗಾದರೆ ಬೆಂಗಳೂರಿನಲ್ಲೋ ಪುಣೆಯಲ್ಲೋ ಕೂತ ಗಿರಾಕಿಗೆ ವ್ಯತ್ಯಾಸ ತಿಳಿಯುವುದು ಹೇಗೆ?

ಬಟ್ಟೆಯನ್ನು ತಿರುಗಿಸಿ ತೋರಿಸಿ. ಯಂತ್ರದ ಕಸೂತಿಯ ಹಿಂಬದಿಯಲ್ಲಿ ಸಾಮಾನ್ಯವಾಗಿ ಒಂದೇ ಬಣ್ಣದ ಅಡಿದಾರ ಒಂದೇ ಸಮನೆ ಓಡಿರುತ್ತದೆ, ಕೆಲವೊಮ್ಮೆ ಗಟ್ಟಿಗಾಗಿ ಇಟ್ಟ ಕಾಗದದಂಥ ಪದರವೂ ಅಂಟಿಕೊಂಡಿರುತ್ತದೆ. ಕೈ ಹೊಲಿಗೆಯ ಹಿಂಬದಿಯಲ್ಲಿ ಗಂಟುಗಳಿರುತ್ತವೆ, ಮೇಲಿನ ಬಣ್ಣದ ದಾರವೇ ಒಂದು ಹೂವಿನಿಂದ ಇನ್ನೊಂದಕ್ಕೆ ಹಾದುಹೋಗಿರುತ್ತದೆ, ಒಂದು ಹೊಲಿಗೆ ಉದ್ದ, ಒಂದು ಗಿಡ್ಡ. (ಧಾರವಾಡ ಕಡೆಯ ಗವಂತಿ, ಮುರ್ಗಿ ಕಸೂತಿಯ ಲೆಕ್ಕ ಬೇರೆ. ಅಲ್ಲಿ ಎರಡು ಬದಿಯೂ ಒಂದೇ ರೀತಿ ಕಾಣಬೇಕು, ಗಂಟು ಕಂಡರೆ ಅದು ದೋಷ.) ಹತ್ತು ಸೆಕೆಂಡಿನ ವಿಡಿಯೋದಲ್ಲಿ ಚೀಲದ ಒಳಗನ್ನು ಹೊರಗೆ ಮಾಡಿ, ಹಗಲು ಬೆಳಕಿನಲ್ಲಿ, ಬಣ್ಣ ಹೆಚ್ಚಿಸುವ ಫಿಲ್ಟರ್ ಹಾಕದೆ ತೋರಿಸಿದರೆ ಅದು ಹತ್ತು ಪುಟದ ಜಾಹೀರಾತಿಗೆ ಸಮ. ಬಣ್ಣ ಬಿಡುವ ಬಟ್ಟೆಯಾದರೆ ‘ಮೊದಲ ಸಲ ಬೇರೆಯಾಗಿ ಒಗೆಯಿರಿ’ ಎಂದು ನೀವೇ ಮೊದಲು ಹೇಳಿಬಿಡಿ. ಗಿರಾಕಿ ಅದನ್ನು ಬಕೆಟ್ಟಿನ ನೀರಿನಲ್ಲಿ ಕಂಡುಹಿಡಿಯುವಂತೆ ಆಗಬಾರದು.

ಹೊಲಿದವರ ವಿಚಾರದಲ್ಲೂ ಒಂದು ಮಾತು ಹೇಳಬೇಕು. ತಾಂಡಾದ ಅಜ್ಜಿಯ ಉಡುಗೆ, ಬಳೆ, ಮುಖದ ಸುಕ್ಕು ಕ್ಯಾಮೆರಾಕ್ಕೆ ಚೆಂದ ಎಂದು ಕೇಳದೆ ಚಿತ್ರ ತೆಗೆದು ಹಾಕುವ ಹುಡುಗರಿದ್ದಾರೆ. ಕೇಳಿ ತೆಗೆಯಿರಿ. ಚೀಲಕ್ಕೆ ಬಂದ ಹಣದಲ್ಲಿ ಆಕೆಯ ಪಾಲು ಎಷ್ಟು ಎಂಬುದು ಆಕೆಗೆ ಗೊತ್ತಿರಲಿ. ಗಿರಾಕಿಗೆ ಹೇಳುವುದಾದರೆ ನಿಜವನ್ನೇ ಹೇಳಿ. ‘ಬಡ ಮಹಿಳೆಯರಿಗೆ ನೆರವಾಗಿ’ ಎಂದು ಬರೆದು ಅವರಿಗೆ ಕೂಲಿ ಮುಟ್ಟಿಸದಿರುವುದಕ್ಕಿಂತ ಕೀಳಾದ ವ್ಯಾಪಾರ ನನಗೆ ಬೇರೆ ತೋಚುವುದಿಲ್ಲ.

ಇನ್ನು ಕೂತ ಜಾಗ. ವಿಳಾಸ ಬರೆಯುವುದರಲ್ಲಿ ನಮ್ಮ ಸೀಮೆಯವರಿಗೆ ವಿಶೇಷ ಪೇಚಾಟವೇ ಇದೆ. ಹೊಸಪೇಟೆಯ ಇಂಗ್ಲಿಷ್ ಹೆಸರು ‘ಹಾಸ್ಪೆಟ್’ ಇದ್ದದ್ದು 2014ರ ನವೆಂಬರ್ 1ರಿಂದ ಕನ್ನಡದ ಉಚ್ಚಾರಣೆಯಂತೆಯೇ ಆಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಆದಮೇಲೆ ಹೊಸಪೇಟೆ, ಹಂಪಿ ಆ ಕಡೆ ಹೋದವು, ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ನಿಮ್ಮ ಒಂದು ಪುಟದಲ್ಲಿ ಬಳ್ಳಾರಿ ಜಿಲ್ಲೆ, ಇನ್ನೊಂದರಲ್ಲಿ ವಿಜಯನಗರ ಜಿಲ್ಲೆ, ನಕ್ಷೆಯಲ್ಲಿ ಮೂರನೆಯದೇ ಏನೋ ಇದ್ದರೆ ದೂರದ ಗಿರಾಕಿ ‘ಇವರು ಇದ್ದಾರೋ ಇಲ್ಲವೋ’ ಎಂದು ಹಿಂದೆ ಸರಿಯುತ್ತಾನೆ. ಎಲ್ಲ ಕಡೆ ಒಂದೇ ಹೆಸರು, ಒಂದೇ ವಿಳಾಸ, ಒಂದೇ ಫೋನ್ ಇರಲಿ. ಆದರೆ ಹುಡುಕುವವರು ಹಳೆಯ ಅಭ್ಯಾಸದಿಂದ ‘ಹಾಸ್ಪೆಟ್’ ಎಂದೇ ಹುಡುಕಬಹುದು, ‘ಲಂಬಾಣಿ’ ಎನ್ನುವ ಬದಲು ‘ಬಂಜಾರ’ ಎನ್ನಬಹುದು. ಚಿತ್ರದ ಕೆಳಗಿನ ವಿವರಣೆಯಲ್ಲಿ ಹಳೆಯದು ಹೊಸದು ಎರಡೂ ಬರಲಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರಲಿ. ಕಣ್ಣಿಗೆ ಬೀಳುವ ಉಪಾಯಗಳಲ್ಲಿ ಕಾಸು ಖರ್ಚಿಲ್ಲದ್ದು ಇದೇ.

ಹೆಸರಿನ ಲಾಭ ಪಡೆಯುವಾಗ ಮಾತ್ರ ಎಚ್ಚರ. ಜಿಐ ಗುರುತು ಇರುವ ‘ಕಮಲಾಪುರ ಕೆಂಪು ಬಾಳೆ’ ಕಲಬುರಗಿ ಜಿಲ್ಲೆಯ ಕಮಲಾಪುರದ್ದು. ಹಂಪಿಯ ಪಕ್ಕದ ನಮ್ಮ ಕಮಲಾಪುರದಲ್ಲಿ ಕೂತು ಆ ಹೆಸರಿನಲ್ಲಿ ಬಾಳೆ ಮಾರಿದರೆ ಊರ ಹೆಸರು ಸುಳ್ಳಲ್ಲ, ವ್ಯಾಪಾರ ಸುಳ್ಳು.

ಕಂಪ್ಲಿ ಕಡೆಯ ಅಕ್ಕಿ ಮಾರುವವರಿಗೆ ಹೇಳುವುದು ಒಂದೇ. ಹೊಸ ಅಕ್ಕಿಯೋ ಹಳೆಯ ಅಕ್ಕಿಯೋ, ಯಾವ ತಿಂಗಳ ಕೊಯ್ಲಿನ ಭತ್ತ ಎಂಬುದನ್ನು ಬರೆದೇ ಮಾರಿ. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆಂದು ನಮ್ಮ ಮನೆಯ ಹೆಂಗಸರಿಗೆ ಗೊತ್ತು, ಪಟ್ಟಣದ ಹೊಸ ಗೃಹಿಣಿಗೆ ಗೊತ್ತಿರದು. ಆಕೆ ಒಮ್ಮೆ ಮುದ್ದೆ ಅನ್ನ ಬಡಿಸಿದಳೆಂದರೆ ಕಂಪ್ಲಿಯ ಹೆಸರೇ ಕೆಟ್ಟಿತು. ಒಂದು ಲೋಟ ಅಕ್ಕಿಗೆ ನೀರೆಷ್ಟು ಎಂದು ಅನ್ನ ಮಾಡಿ ತೋರಿಸುವ ವಿಡಿಯೋ ಹಾಕಿ. ತಿನ್ನುವ ಪದಾರ್ಥವನ್ನು ಪೊಟ್ಟಣ ಕಟ್ಟಿ ಮಾರುವುದಾದರೆ ಎಫ್‌ಎಸ್‌ಎಸ್‌ಎಐ ಸಂಖ್ಯೆ ಬೇಕೇ ಬೇಕು.

ಹಂಪಿಯ ವಿಷಯಕ್ಕೆ ಬಂದರೆ ಅಲ್ಲಿ ಕಣ್ಣಿಗೆ ಬೀಳುವುದಕ್ಕೆ ಬರವಿಲ್ಲ. ಕಲ್ಲಿನ ರಥ 2017ರಿಂದ 50 ರೂಪಾಯಿಯ ನೋಟಿನ ಮೇಲೇ ಇದೆ, ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 2019ರಲ್ಲಿ ನೋಡಲೇಬೇಕಾದ 52 ಸ್ಥಳಗಳ ಪಟ್ಟಿಯಲ್ಲಿ ಹಂಪಿಗೆ ಎರಡನೇ ಸ್ಥಾನ ಕೊಟ್ಟಿತು. ಕೊರತೆ ಇರುವುದು ನಂಬಿಕೆಯದು. ಜಲಾಶಯದಿಂದ ಹೆಚ್ಚು ನೀರು ಬಿಟ್ಟ ದಿನ ಪುರಂದರ ಮಂಟಪ ಮುಳುಗುತ್ತದೆ, ಹರಿಗೋಲು ನಿಲ್ಲುತ್ತದೆ. ಅಂದೂ ಬೇಸಗೆಯ ಹಳೆಯ ಚಿತ್ರ ಹಾಕಿ ‘ಬನ್ನಿ, ಹರಿಗೋಲಿನಲ್ಲಿ ತೇಲೋಣ’ ಎಂದರೆ ಬಂದವರು ಬೈದುಕೊಂಡು ಹೋಗುತ್ತಾರೆ. ‘ಇಂದು ಹೊಳೆ ಹೀಗಿದೆ, ಹರಿಗೋಲು ಇಲ್ಲ’ ಎಂದು ಹಾಕಿ ನೋಡಿ. ಆ ದಿನದ ಬುಕಿಂಗ್ ತಪ್ಪಬಹುದು, ಆದರೆ ನಿಮ್ಮ ಚಿತ್ರ ನೋಡಿದರೆ ಸಾಕು, ಹೊಳೆಯ ಸ್ಥಿತಿ ತಿಳಿಯುತ್ತದೆ ಎಂಬ ಮಾತು ಹುಟ್ಟುತ್ತದೆ. ಪರವಾನಗಿಯ ಕಾಗದವನ್ನೂ ಕೇಳಿದವರಿಗೆ ತೋರಿಸಿ. ಇಂಟರ್‌ನೆಟ್ಟಿನಲ್ಲಿ ದೇಶವಿದೇಶಕ್ಕೆ ಹೆಸರಾಗಿದ್ದ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳನ್ನು ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರ ಮಾರ್ಚ್‌ನಲ್ಲಿ ತೆರವು ಮಾಡಿದ್ದು ನಮ್ಮ ಕಣ್ಣೆದುರಿನ ಸಂಗತಿ. ಆ ಜನಪ್ರಿಯತೆ ಒಂದು ಗೋಡೆಯನ್ನೂ ಉಳಿಸಲಿಲ್ಲ.

ಬರೀ ಕಾಣಿಸಿಕೊಳ್ಳುವ ಹುಚ್ಚು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೂ ಹಂಪಿಯಲ್ಲೇ ಉದಾಹರಣೆ ಇದೆ. ಗಜಶಾಲೆಯ ಹಿಂದಿನ ವಿಷ್ಣು ದೇವಾಲಯದ ಕಂಬವನ್ನು ಯುವಕರು ತಳ್ಳಿ ಬೀಳಿಸುವ ವಿಡಿಯೋ 2019ರ ಫೆಬ್ರುವರಿಯಲ್ಲಿ ಎಲ್ಲೆಡೆ ಹರಿದಾಡಿತು. ಹೊಸಪೇಟೆಯ ನ್ಯಾಯಾಲಯ ಅವರಿಗೆ ತಲಾ 70,000 ರೂಪಾಯಿ ದಂಡ ಹಾಕಿತು, ಕಂಬವನ್ನು ಅವರಿಂದಲೇ ಎತ್ತಿ ನಿಲ್ಲಿಸಲಾಯಿತು. ಸೆಕೆಂಡುಗಳ ವಿಡಿಯೋ, ಲಕ್ಷಾಂತರ ಕಣ್ಣು. ಅಷ್ಟು ಕಣ್ಣುಗಳಲ್ಲಿ ಒಂದೂ ಅವರ ಪರವಾಗಿರಲಿಲ್ಲ.

ಮೂರನೆಯದು ಜಗಳದ ಸೌಕರ್ಯ. ಬೆಲೆ ಕೇಳಿದರೆ ‘ಇನ್‌ಬಾಕ್ಸ್‌ಗೆ ಬನ್ನಿ’ ಎನ್ನುವುದು ಈಗಿನ ಫ್ಯಾಷನ್. ಸಂತೆಯಲ್ಲಿ ಗಿರಾಕಿಯ ಕಿವಿಯಲ್ಲಿ ಬೆಲೆ ಪಿಸುಗುಟ್ಟುವ ಅಂಗಡಿಯವನನ್ನು ಯಾರಾದರೂ ನಂಬಿದ್ದುಂಟೇ? ಬೆಲೆ, ಅಂಚೆ ವೆಚ್ಚ, ಕಳಿಸಲು ಹಿಡಿಯುವ ದಿನ, ಹಿಂದಿರುಗಿಸುವ ಷರತ್ತು ಎಲ್ಲ ಬಯಲಿನಲ್ಲಿರಲಿ. ಯಾರೋ ‘ಕನ್ನಡಿ ಉದುರಿತು’ ಎಂದು ದೂರು ಬರೆದರೆ ಅಳಿಸಬೇಡಿ, ಅದರ ಕೆಳಗೇ ಉತ್ತರ ಬರೆಯಿರಿ. ಹೊಸ ಗಿರಾಕಿ ಐವತ್ತು ಹೊಗಳಿಕೆಯನ್ನು ಬಿಟ್ಟು ಆ ಒಂದು ದೂರು, ಅದಕ್ಕೆ ನೀವು ಕೊಟ್ಟ ಉತ್ತರ, ಇವೆರಡನ್ನೇ ಓದುತ್ತಾನೆ. ಹೊಗಳಿಕೆಗೆ ಸೋದರಮಾವನ ಮಕ್ಕಳನ್ನು ಕೂರಿಸುವುದಂತೂ ಬೇಡ. ಮಾರುವವರು ತಾವೇ ಗಿರಾಕಿಯ ವೇಷದಲ್ಲಿ ಅಭಿಪ್ರಾಯ ಬರೆಯುವುದನ್ನು 2020ರ ಇ-ಕಾಮರ್ಸ್ ನಿಯಮಗಳು ನಿಷೇಧಿಸಿವೆ. ದುಡ್ಡು ಕೊಟ್ಟು ಫಾಲೋವರ್‌ಗಳನ್ನು ಕೊಂಡರೂ ಪ್ರಯೋಜನವಿಲ್ಲ. ಹತ್ತು ಸಾವಿರ ಹಿಂಬಾಲಕರಿರುವ ಪುಟದಲ್ಲಿ ಬೆಲೆ ಕೇಳಿದವರು ಇಬ್ಬರೇ ಎಂದರೆ ಗುಟ್ಟು ಗೊತ್ತಾಗಿಯೇ ಆಗುತ್ತದೆ.

ತಂದೆತಾಯಂದಿರೇ, ನಿಮ್ಮ ಪಾಲಿನ ಕೆಲಸವೂ ಇದೆ. 1872ರ ಕರಾರು ಕಾಯಿದೆಯ ಪ್ರಕಾರ ಹದಿನೆಂಟು ತುಂಬದವರು ಕರಾರು ಮಾಡಿಕೊಳ್ಳಲು ಅರ್ಹರಲ್ಲ. ಆದ್ದರಿಂದ ಚಿಕ್ಕವರು ಚಿತ್ರ ತೆಗೆಯಲಿ, ಉತ್ತರ ಬರೆಯಲಿ, ಆದರೆ ಅಂಗಡಿ, ಬ್ಯಾಂಕ್ ಖಾತೆ, ಫೋನ್ ಸಂಖ್ಯೆ ಹಿರಿಯರ ಹೆಸರಿನಲ್ಲಿರಲಿ. ಮಗಳ ಸ್ವಂತ ನಂಬರನ್ನು ಊರಿಗೆಲ್ಲ ಹಂಚಬೇಕಾಗಿಲ್ಲ, ವ್ಯಾಪಾರಕ್ಕೆಂದೇ ಬೇರೆ ಸಿಮ್ ಇಡಿ. ದೊಡ್ಡ ಆರ್ಡರ್ ಕೊಡುವೆನೆಂದು ನಂಬಿಸಿ ‘ಹಣ ಬರಬೇಕಾದರೆ ಈ ಕೋಡ್ ಸ್ಕ್ಯಾನ್ ಮಾಡಿ, ಪಿನ್ ಒತ್ತಿ’ ಎನ್ನುವವರೂ ಇದ್ದಾರೆ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ, ಪಿನ್ ಒತ್ತಿದರೆ ಹೋಗುವುದು ನಿಮ್ಮ ಹಣವೇ. ಹೋಗಿಯೇಬಿಟ್ಟರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಪರೀಕ್ಷೆಯ ವಾರಗಳಲ್ಲಿ ಅಂಗಡಿ ಮುಚ್ಚಿ, ಮುಚ್ಚಿದ್ದೇವೆ ಎಂದು ಒಂದು ಸಾಲು ಬರೆದು ಹಾಕಿ, ಮತ್ತೆ ಯಾವತ್ತು ತೆರೆಯುತ್ತದೆ ಎಂಬ ತಾರೀಖಿನೊಂದಿಗೆ.